ರಂಗದ ಮೇಲಿನ ಮೊದಲ ಪಾಠ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ದೊಡ್ಡ ಗಾಯಕರ ಮಾತು ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, “ಅವರ ಗುರುಗಳು ಯಾರು?” ಎಂಬುದು. ಪ್ರಶ್ನೆ ಸರಿಯಾದುದೇ. ಗುರುವಿಲ್ಲದ ವಿದ್ಯೆ ದಡ ಸೇರುವುದು ಕಷ್ಟ. ಆದರೆ ಇದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಈ ಗಾಯಕರು ಗುರುವಿನ ಮನೆಯ ಹೊಸ್ತಿಲನ್ನು ತುಳಿಯುವುದಕ್ಕೆ ಮುಂಚೆ ಯಾರ ಮುಂದೆ ನಿಂತು ಹಾಡಿದ್ದರು? ಇವರಲ್ಲಿ ಹಾಡು ಇದೆಯೆಂದು ಮೊದಲು ಗುರುತಿಸಿದವರು ಯಾರು? ನಮ್ಮ ನಾಡಿನ ಸಂಗೀತದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಮತ್ತೆ ಮತ್ತೆ ನಾವು ಬಂದು ನಿಲ್ಲುವುದು ಒಂದೇ ಸ್ಥಳದಲ್ಲಿ. ಅದು ನಾಟಕದ ಅಟ್ಟ.

ನಮ್ಮ ಗೌನಿಪಲ್ಲಿಯ ಸುತ್ತಿನ ಹಳ್ಳಿಗಳಲ್ಲಿ ನಾಟಕದ ಅಟ್ಟವೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಅದರ ಮಾತನ್ನು ಆಡುವುದಕ್ಕೆ ನಮಗೆ ಸ್ವಲ್ಪ ಸಂಕೋಚ. “ಊರಿನ ನಾಟಕ” ಎಂದರೆ ಅರಚಾಟ, “ಸಂಗೀತ” ಎಂದರೆ ಪಟ್ಟಣದ ಸಭಾಂಗಣದಲ್ಲಿ ನಡೆಯುವ ಕಚೇರಿ, ಇವೆರಡಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲನೇಕರಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂದು ತೋರಿಸುವುದೂ, ಅದರಿಂದ ನಮಗೆ ಆಗುತ್ತಿರುವ ನಷ್ಟವನ್ನು ಸಹಪಾಠಿಗಳ ಹಾಗೂ ಅಧ್ಯಾಪಕರ ಮುಂದೆ ಇಡುವುದೂ ಈ ಲೇಖನದ ಉದ್ದೇಶ.

ಮೊದಲು ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದು ನಮ್ಮ ಸೀಮೆಯದಲ್ಲ, ಧಾರವಾಡದ ಕಡೆಯದು. ಆದರೆ ನಮ್ಮ ಊರಿನಂಥ ಊರಿನಲ್ಲೇ ಆರಂಭವಾದುದು. ಧಾರವಾಡದ ಹತ್ತಿರದ ಮನಸೂರು ಎಂಬ ಹಳ್ಳಿಯಲ್ಲಿ 1910ರಲ್ಲಿ ಒಬ್ಬ ಹುಡುಗ ಹುಟ್ಟಿದ. ತಂದೆ ಭೀಮರಾಯಪ್ಪನವರು ಒಕ್ಕಲುತನದವರು, ಊರಿಗೆ ಹಿರಿಯರು. ತಾಯಿ ನೀಲಮ್ಮನವರಿಗೆ ಹಾಡಿನ ಒಲವು ಇತ್ತು. ಅಣ್ಣ ಬಸವರಾಜರಿಗೆ ನಾಟಕದ ನಂಟು. ಹುಡುಗನಿಗೆ ಶಾಲೆಯ ಕಡೆಗೆ ಅಷ್ಟು ಮನಸ್ಸಿರಲಿಲ್ಲ, ನಾಟಕದ ಕಡೆಗೆ ಬಹಳ ಇತ್ತು. ಸುಮಾರು ಒಂಬತ್ತನೆಯ ವಯಸ್ಸಿನಲ್ಲಿ ಅಣ್ಣನ ಬೆನ್ನು ಹಿಡಿದು ಆತ ರಂಗವನ್ನು ಹತ್ತಿದ. ಬಾಲಪಾತ್ರಗಳನ್ನು ಮಾಡಿದ. ಮುಂದೆ ಊರೂರು ತಿರುಗುವ ನಾಟಕ ಮಂಡಳಿಗೆ ಸೇರಿದ. ಮಂಡಳಿಯ ಯಜಮಾನರು ಆತನ ಗಂಟಲನ್ನು ಮೆಚ್ಚಿ, ನಾಟಕದ ನಡುವೆ ಬಗೆಬಗೆಯ ಹಾಡುಗಳನ್ನು ಹಾಡುವುದಕ್ಕೆ ಹುರಿದುಂಬಿಸಿದರು. ಆ ಹಾಡನ್ನು ಕೇಳಿದ ಅಪ್ಪಯ್ಯಸ್ವಾಮಿ ಎಂಬ ವಿದ್ವಾಂಸರು ಹುಡುಗನಿಗೆ ಕರ್ನಾಟಕ ಸಂಗೀತದ ಪಾಠ ಹೇಳಿದರು. ಅನಂತರ ಮಿರಜಿನ ನೀಲಕಂಠಬುವಾ ಆಲೂರಮಠರ ಕೈಕೆಳಗೆ ಗ್ವಾಲಿಯರ್ ಘರಾಣೆಯ ಹಿಂದೂಸ್ತಾನಿ ಶಿಕ್ಷಣ ಆಯಿತು. ಅದಾದ ಮೇಲೆ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜಿಖಾನರಲ್ಲಿಯೂ, ಅವರು 1937ರಲ್ಲಿ ತೀರಿಕೊಂಡ ಬಳಿಕ ಅವರ ತಮ್ಮ ಬುರ್ಜಿಖಾನರಲ್ಲಿಯೂ ಜೈಪುರ ಘರಾಣೆಯ ಅಭ್ಯಾಸ ನಡೆಯಿತು. ಈ ಹುಡುಗನೇ ಪಂಡಿತ ಮಲ್ಲಿಕಾರ್ಜುನ ಮನಸೂರ. 1992ರಲ್ಲಿ, ತಾವು ಕಣ್ಮುಚ್ಚಿದ ವರ್ಷದಲ್ಲಿ, ಪದ್ಮವಿಭೂಷಣ ಪಡೆದವರು. ತಮ್ಮ ಆತ್ಮಕಥೆಗೆ ಅವರು ‘ನನ್ನ ರಸಯಾತ್ರೆ’ ಎಂದು ಹೆಸರಿಟ್ಟರು. ಆ ಯಾತ್ರೆ ಹೊರಟಿದ್ದು ನಾಟಕದ ಪರದೆಯ ಹಿಂದಿನಿಂದ.

ಈ ಕಥೆಯಲ್ಲಿ ಒಂದು ಕ್ರಮವನ್ನು ಗಮನಿಸಬೇಕು. ರಂಗ ಮೊದಲು, ಗುರು ಆಮೇಲೆ. ಗುರುಗಳು ಹುಡುಗನನ್ನು ಹುಡುಕಿಕೊಂಡು ಅವನ ಹಳ್ಳಿಗೆ ಹೋಗಲಿಲ್ಲ. ಹುಡುಗನೂ ಗುರುವನ್ನು ಹುಡುಕಿಕೊಂಡು ಪಟ್ಟಣಕ್ಕೆ ಹೋಗುವ ಅನುಕೂಲದಲ್ಲಿರಲಿಲ್ಲ. ಇಬ್ಬರನ್ನೂ ಒಂದೆಡೆ ಕೂಡಿಸಿದ್ದು ನಾಟಕ. ಹಳ್ಳಿಯ ಮಕ್ಕಳ ದನಿ ಬಲ್ಲವರ ಕಿವಿಗೆ ಬೀಳುವ ಒಂದು ದಾರಿಯನ್ನು ಆ ಕಾಲದ ನಾಟಕ ಮಂಡಳಿಗಳು ತೆರೆದಿದ್ದವು. ಆ ದಾರಿ ಇಲ್ಲದಿದ್ದರೆ ಮನಸೂರಿನ ಹುಡುಗ ಹೊಲದ ಬದುವಿನ ಮೇಲೆ ಹಾಡಿಕೊಂಡು ಹಾಗೆಯೇ ಮುದುಕನಾಗುತ್ತಿದ್ದನೇನೋ.

ರಂಗವು ಕೇವಲ ದಾರಿಯಾಗಿತ್ತೆ? ಅದು ಪಾಠಶಾಲೆಯೂ ಆಗಿತ್ತೆಂದು ನಾನು ಹೇಳುತ್ತೇನೆ. ಅಲ್ಲಿ ಕಲಿಯುವ ಕೆಲವು ಪಾಠಗಳು ಕೋಣೆಯೊಳಗೆ ಕುಳಿತು ಕಲಿತರೆ ಬರುವಂಥವಲ್ಲ. ಮೊದಲನೆಯದು ಶ್ರುತಿ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ, ಬಯಲಿನಲ್ಲಿ ಕುಳಿತ ಸಾವಿರ ಜನರ ಕೊನೆಯ ಸಾಲಿಗೂ ಪದ್ಯ ಮುಟ್ಟಬೇಕಾಗಿತ್ತು. ಆದುದರಿಂದ ನಟರು ನಾಲ್ಕು ಮನೆ, ಐದು ಮನೆ ಶ್ರುತಿಯಲ್ಲಿ ಎತ್ತರಿಸಿ ಹಾಡುತ್ತಿದ್ದರು. ಪಕ್ಕದಲ್ಲಿ ಹಾರ್ಮೋನಿಯಂ ಬಿಡದೆ ನುಡಿಯುತ್ತಿರುವಾಗ, ಕುಣಿದು, ಓಡಾಡಿ, ಗದೆ ಹೊತ್ತು ನಿಂತು, ಉಸಿರು ಕಟ್ಟಿದ್ದರೂ ಶ್ರುತಿ ಜಾರದಂತೆ ನೋಡಿಕೊಳ್ಳಬೇಕು. ಜಾರಿದರೆ ಮೇಷ್ಟ್ರು ಹಾರ್ಮೋನಿಯಂ ಮೇಲಿಂದಲೇ ಕಣ್ಣು ಕೆಂಪಗೆ ಮಾಡುವರು.

ಎರಡನೆಯದು ಸಾಹಿತ್ಯ. ಕಚೇರಿಯಲ್ಲಿ ರಾಗ ಮೆರೆದು ಮಾತು ಮರೆಯಾದರೂ ನಡೆದೀತು. ನಾಟಕದಲ್ಲಿ ಮಾತು ಕೇಳಿಸದೆ ಹೋದರೆ ಕಥೆಯೇ ನಿಂತುಹೋಗುತ್ತದೆ. ಸ್ಮಶಾನದಲ್ಲಿ ಹರಿಶ್ಚಂದ್ರನು ಹಾಡುವಾಗ ಯಾವ ರಾಗ ಎಂದು ಕೇಳುವವರು ಹತ್ತು ಜನ ಇರಬಹುದು. ಏನು ಹೇಳುತ್ತಿದ್ದಾನೆ ಎಂದು ಕೇಳುವವರು ಇಡೀ ಊರು. ಅಕ್ಷರ ಅಕ್ಷರವನ್ನೂ ಬಿಡಿಸಿ ಹೇಳುತ್ತಲೇ ರಾಗವನ್ನೂ ಉಳಿಸಿಕೊಳ್ಳುವುದು ಸುಲಭದ ವಿದ್ಯೆಯಲ್ಲ. ಉಡುಪಿಯ ಕಡೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಬಾಲ್ಯದಲ್ಲಿಯೇ ನಾಟಕ ಮಂಡಳಿಯ ಬಣ್ಣ ಹಚ್ಚಿದವರು. ಮುಂದೆ ಅವರು ನಮ್ಮ ಕವಿಗಳ ಗೀತೆಗಳನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದಾಗ, ಒಂದೊಂದು ಪದವೂ ಕೇಳುವವನ ಮನಸ್ಸಿಗೆ ನಾಟುತ್ತಿತ್ತು. ಆ ಸ್ಪಷ್ಟತೆಯಲ್ಲಿ ರಂಗದ ಪಾಲು ಇಲ್ಲವೆಂದು ಹೇಳುವುದು ನನಗಂತೂ ಸಾಧ್ಯವಿಲ್ಲ.

ಮೂರನೆಯದು ಜನರ ಪರಿಚಯ. ಗುರುವಿನ ಮುಂದೆ ತಪ್ಪಿದರೆ ಗುರು ತಿದ್ದುತ್ತಾರೆ. ಜನರ ಮುಂದೆ ತಪ್ಪಿದರೆ ಶಿಳ್ಳೆ ಬೀಳುತ್ತದೆ. ಮೆಚ್ಚಿದರೆ ‘ಒನ್ಸ್ ಮೋರ್’ ಎಂದು ಕೂಗಿ ಅದೇ ಪದ್ಯವನ್ನು ಮತ್ತೆ ಹಾಡಿಸುತ್ತಾರೆ. ಎಳೆಯ ವಯಸ್ಸಿನಲ್ಲಿಯೇ ಈ ಎರಡನ್ನೂ ಅನುಭವಿಸಿದವನಿಗೆ ಸಭಾಕಂಪನ ಎಂಬುದು ತಾನಾಗಿಯೇ ಬಿಟ್ಟುಹೋಗುತ್ತದೆ. “ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ” ಎಂಬ ನಮ್ಮ ಹಿರಿಯರ ಗಾದೆ ಹುಸಿಯಲ್ಲ. ಹಾಡದೆ ರಾಗ ಬರುವುದಿಲ್ಲ, ಕೇಳುವವರಿಲ್ಲದೆ ಹಾಡು ಬೆಳೆಯುವುದಿಲ್ಲ.

ಹೀಗೆ ಕಲಿತ ಪಾಠ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದಕ್ಕೆ ನಮಗೆಲ್ಲರಿಗೂ ಗೊತ್ತಿರುವ ಒಬ್ಬರ ಉದಾಹರಣೆ ಸಾಕು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ, ತಂದೆ ಪುಟ್ಟಸ್ವಾಮಯ್ಯನವರ ಜೊತೆಗೆ ಎಳೆತನದಲ್ಲೇ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದ. ಶಾಲೆಯ ಓದು ಪ್ರಾಥಮಿಕ ತರಗತಿಯಲ್ಲಿಯೇ ನಿಂತಿತು. ರಂಗದ ಓದು ನಿಲ್ಲಲಿಲ್ಲ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಚಿತ್ರರಂಗಕ್ಕೆ ಬಂದು ರಾಜ್‌ಕುಮಾರ್ ಎಂಬ ಹೆಸರು ಪಡೆದ ಮೇಲೆ ಬಹಳ ವರ್ಷ ಅವರ ಪಾತ್ರಗಳಿಗೆ ದನಿಯಾದವರು ಪಿ. ಬಿ. ಶ್ರೀನಿವಾಸ್. ನಡುವೆ 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಒಂದು ಯುಗಳಗೀತೆಯನ್ನು ಹಾಡಿದುದುಂಟು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಜಿ. ಕೆ. ವೆಂಕಟೇಶರ ಸಂಗೀತ ನಿರ್ದೇಶನದಲ್ಲಿ, ಅವರು ಮತ್ತೆ ಹಾಡಿದರು. ಅಲ್ಲಿಂದ ಮುಂದೆ ಜನ ಅವರ ನಟನೆಯಷ್ಟೇ ಅವರ ಹಾಡನ್ನೂ ಬಯಸಿದರು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅವರು ಅರವತ್ತು ದಾಟಿದ್ದರು. ಬಾಲ್ಯದಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ ನಿಂತು ಕಲಿತದ್ದು ಇಷ್ಟು ವರ್ಷವಾದ ಮೇಲೂ ತುಕ್ಕು ಹಿಡಿದಿರಲಿಲ್ಲ.

ಅದೇ ಗುಬ್ಬಿ ಕಂಪನಿಗೆ ದಕ್ಷಿಣ ಕನ್ನಡದ ಮಂಚಿಯಿಂದ ಬಂದು ಸೇರಿದ ಮತ್ತೊಬ್ಬ ಹುಡುಗ ಬಿ. ವಿ. ಕಾರಂತ. ವೀರಣ್ಣನವರು ಆ ಹುಡುಗನನ್ನು ಮುಂದಿನ ಓದಿಗಾಗಿ ಕಾಶಿಗೆ ಕಳುಹಿಸಿದರು. ಅಲ್ಲಿ ಆತ ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತ. ಮುಂದೆ ರಂಗಸಂಗೀತದ ರೂಪವನ್ನೇ ಬದಲಾಯಿಸಿದ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ಅವರ ನೇತೃತ್ವದಲ್ಲಿ ಆರಂಭವಾಯಿತು. ಕಂಪನಿಯ ಯಜಮಾನನೊಬ್ಬ ತನ್ನ ಹುಡುಗನನ್ನು ಎಂ.ಎ. ಓದಿಸಿದನೆಂಬುದನ್ನು, ನಾಟಕದವರು ಮಕ್ಕಳನ್ನು ಕೆಡಿಸುತ್ತಾರೆ ಎನ್ನುವವರು ನೆನಪಿನಲ್ಲಿಡಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನಮ್ಮ ಅಧ್ಯಾಪಕರಲ್ಲಿ ಸಂಗೀತ ಬಲ್ಲವರು ಅದನ್ನು ಎತ್ತಿಯೇ ಎತ್ತುತ್ತಾರೆ. “ನಾಟಕದ ಹಾಡು ಚಪ್ಪಾಳೆಯ ಹಾಡು. ಎಳೆಯ ಗಂಟಲನ್ನು ಎತ್ತರದ ಶ್ರುತಿಯಲ್ಲಿ ರಾತ್ರಿಯಿಡೀ ದುಡಿಸಿದರೆ ಅದು ಒಡೆದುಹೋಗುತ್ತದೆ. ಚಪ್ಪಾಳೆಯ ರುಚಿ ಹತ್ತಿದವನು ಸಾಧನೆಗೆ ಕೂರುವುದಿಲ್ಲ” ಎಂಬುದು ಆ ಆಕ್ಷೇಪಣೆ. ಇದನ್ನು ತಳ್ಳಿಹಾಕುವಂತಿಲ್ಲ. ಹುಡುಗರಿಗೆ ಹದಿಮೂರು ಹದಿನಾಲ್ಕರ ಹೊತ್ತಿಗೆ ದನಿ ಒಡೆಯುತ್ತದೆ. ಆ ಕಾಲದಲ್ಲಿ ಎಚ್ಚರ ತಪ್ಪಿ ಗಂಟಲನ್ನು ಹಿಂಸಿಸಿದರೆ ಹಾಡು ಕೈಬಿಟ್ಟುಹೋಗಬಹುದು. ಓದು ನಿಂತುಹೋದ ಮಕ್ಕಳ ಸಂಖ್ಯೆಯೂ ಕಂಪನಿಗಳಲ್ಲಿ ಕಡಿಮೆಯಾಗಿರಲಿಲ್ಲ. ಅವರಲ್ಲಿ ರಾಜ್‌ಕುಮಾರ್ ಆದವರು ಒಬ್ಬರು. ಹೆಸರಿಲ್ಲದೆ ಹೋದವರು ಅನೇಕರು.

ಆದರೆ ಈ ಆಕ್ಷೇಪಣೆಗೆ ಉತ್ತರವೂ ಮನಸೂರರ ಕಥೆಯಲ್ಲಿಯೇ ಇದೆ. ಅವರು ರಂಗದಲ್ಲಿ ಆರಂಭಿಸಿದರು, ರಂಗದಲ್ಲಿಯೇ ನಿಂತುಬಿಡಲಿಲ್ಲ. ಚಪ್ಪಾಳೆ ಸಾಕಷ್ಟು ಸಿಕ್ಕಿದ್ದರೂ ಮಿರಜಿಗೆ ಹೋಗಿ ವರ್ಷಗಟ್ಟಲೆ ವಿದ್ಯಾರ್ಥಿಯಾದರು. ಒಂದು ಘರಾಣೆಯ ವಿದ್ಯೆ ಕೈಸೇರಿದ ಮೇಲೂ ಇನ್ನೊಂದು ಘರಾಣೆಯ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. ಕುಂದಗೋಳದ ರಾಮಭಾವು ಅವರ ಜೀವನವೂ ಇದನ್ನೇ ಹೇಳುತ್ತದೆ. 1886ರಲ್ಲಿ ಹುಟ್ಟಿದ ಅವರು ಉಸ್ತಾದ್ ಅಬ್ದುಲ್ ಕರೀಂ ಖಾನರಲ್ಲಿ ಕಠಿಣವಾದ ಅಭ್ಯಾಸ ಮಾಡಿ, ಗುರುಗಳಿಗೆ ಒಪ್ಪಿಗೆಯಿಲ್ಲದಿದ್ದರೂ ಮರಾಠಿ ರಂಗಭೂಮಿಗೆ ಹೋದರು. ಸ್ತ್ರೀಪಾತ್ರಗಳಲ್ಲಿ ಅವರ ಹಾಡನ್ನು ಕೇಳಿದ ಜನರು ‘ಸವಾಯಿ ಗಂಧರ್ವ’ ಎಂದು ಕೊಂಡಾಡಿದರು. ಆ ಹೆಸರೇ ಅವರಿಗೆ ನಿಂತಿತು. ರಂಗವನ್ನು ಬಿಟ್ಟು ಬಂದ ಮೇಲೆ ಅವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಂಥ ಶಿಷ್ಯರನ್ನು ತಯಾರು ಮಾಡಿದರು. ರಂಗವೂ ಗುರುಕುಲವೂ ಒಂದೇ ಮನೆಯ ಎರಡು ಬಾಗಿಲು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿಯೂ ಹೀಗೆಯೇ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಶಾಸ್ತ್ರೀಯ ಸಂಗೀತವನ್ನು ಕಲಿಸಿದರು. ಜೊತೆಗೆ ನಾಟಕ ಮಂಡಳಿಯನ್ನೂ ನಡೆಸಿದರು. ಪುಟ್ಟರಾಜರು ನಾಟಕಗಳನ್ನೂ ರಚಿಸಿದರು. ಆಶ್ರಮದ ಅನ್ನಕ್ಕೆ ರಂಗ ಆಧಾರವಾಯಿತು, ರಂಗಕ್ಕೆ ಆಶ್ರಮದ ವಿದ್ಯೆ ಆಧಾರವಾಯಿತು.

ಹೆಣ್ಣುಮಕ್ಕಳ ವಿಚಾರವನ್ನು ಬಿಟ್ಟು ಈ ಮಾತು ಪೂರ್ತಿಯಾಗದು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದಳು. ಅದು ಆಕೆಯ ಆರಂಭದ ದಿನಗಳ ದೊಡ್ಡ ವೇದಿಕೆ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಆದರೂ ಮಗಳು ಹಿಂದೂಸ್ತಾನಿ ಕಲಿಯುವಾಗ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಹಾಡುವ ಹೆಣ್ಣೆಂಬ ಕಾರಣಕ್ಕೆ ಬೀದಿಯಲ್ಲಿ ಕೇಳಬೇಕಾದ ಕುಹಕದ ಮಾತುಗಳನ್ನು ನುಂಗಿಕೊಂಡು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಗಂಗೂಬಾಯಿಯವರು ವಿದ್ಯೆ ಸಂಪಾದಿಸಿದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಬಾಲ್ಯದಲ್ಲೇ ರಂಗ ಹತ್ತಿ, 2020ರಲ್ಲಿ ತೀರಿಕೊಳ್ಳುವವರೆಗೂ ರಂಗಗೀತೆಯ ದೊಡ್ಡ ಹೆಸರಾಗಿ ಉಳಿದರು. ಇವರು ಪಟ್ಟ ಪಾಡನ್ನು ಇಂದಿನ ಹುಡುಗಿಯರು ಪಡಬೇಕಾಗಿಲ್ಲ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಆದರೆ ನಮ್ಮ ಹಳ್ಳಿಯ ನಾಟಕಗಳಲ್ಲಿ ದ್ರೌಪದಿ, ಚಂದ್ರಮತಿಯರ ಪಾತ್ರಕ್ಕೆ ಇಂದಿಗೂ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದೇ ವಾಡಿಕೆ. ಊರಿನ ಹುಡುಗಿ ಎಷ್ಟು ಚೆನ್ನಾಗಿ ಹಾಡಿದರೂ ಅವಳ ಸ್ಥಾನ ಅಟ್ಟದ ಮುಂದೆ ಚಾಪೆಯ ಮೇಲೆ. ತರಗತಿಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಪ್ರಾರ್ಥನೆ ಹೇಳುವ ಸಹೋದರಿಯರಲ್ಲಿ ಎಷ್ಟು ದನಿಗಳು ಹೀಗೆ ಚಾಪೆಯ ಮೇಲೆಯೇ ಮುಗಿದುಹೋಗಲಿವೆಯೋ!

ಇನ್ನು ನಮ್ಮ ಸೀಮೆಯ ವಿಷಯಕ್ಕೆ ಬರೋಣ. ಶ್ರೀನಿವಾಸಪುರ ತಾಲೂಕಿನ ಅಂಚಿನಲ್ಲಿರುವ ಗೌನಿಪಲ್ಲಿಯ ಸುತ್ತಿನವರು ನಾವು ಎರಡು ಭಾಷೆಯ ಮಕ್ಕಳು. ಅನೇಕರಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಒಂದು ಊರಿನಲ್ಲಿ ಕನ್ನಡದ ಕುರುಕ್ಷೇತ್ರ ನಡೆದರೆ ಇನ್ನೊಂದರಲ್ಲಿ ತೆಲುಗು ಪದ್ಯಗಳ ಹರಿಶ್ಚಂದ್ರ. ಭಜನೆಯ ಮನೆಯಲ್ಲಿ ಕೈವಾರದ ತಾತಯ್ಯನವರ ತತ್ವಪದಗಳು ಎರಡು ಭಾಷೆಯಲ್ಲಿಯೂ ಕೇಳುತ್ತವೆ. ಇದನ್ನು ಕೊರತೆಯೆಂದು ಭಾವಿಸುವವರಿದ್ದಾರೆ. ನಾನು ಇದನ್ನು ಸಂಪತ್ತೆಂದೇ ಎಣಿಸುತ್ತೇನೆ. ಗಡಿಯಾಚೆಗಿನ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ 1885ರಲ್ಲಿ ವನಾರಸ ಗೋವಿಂದರಾಯರು ‘ಕೀಚಕ ವಧೆ’ಯನ್ನು ಆಡಿ ಆರಂಭಿಸಿದ ನಾಟಕ ಪರಂಪರೆ ಇಂದಿಗೂ ‘ಸುರಭಿ’ ಎಂಬ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ಮನೆತನಗಳಲ್ಲಿ ಮಕ್ಕಳು ನಡೆಯುವುದನ್ನು ಕಲಿಯುವ ವಯಸ್ಸಿನಲ್ಲಿಯೇ ರಂಗವನ್ನೂ ಹತ್ತುತ್ತಾರೆ. ಇತ್ತ ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಸಂಗಾತಿಗಳೂ ಕಟ್ಟಿದ ‘ಆದಿಮ’ವು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕಗಳನ್ನು ನಡೆಸಿಕೊಂಡು ಬಂದಿತು. ಪಿಚ್ಚಳ್ಳಿ ಶ್ರೀನಿವಾಸರಂಥ ಕೋಲಾರ ಸೀಮೆಯ ಹಾಡುಗಾರರು ಜನಪದ ಗೀತೆಯನ್ನು ನಾಡಿನ ವೇದಿಕೆಗಳಿಗೆ ಕೊಂಡೊಯ್ದರು. ನಮ್ಮ ಕಡೆ ಗಂಟಲಿಗೆ ಬರ ಬಂದಿಲ್ಲ.

ಬರ ಬಂದಿರುವುದು ಅವಕಾಶಕ್ಕೆ. ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ನಡೆಯುತ್ತಿದ್ದ ನಾಟಕದ ಅಭ್ಯಾಸಕ್ಕೆ ಈಗ ಜನ ಕೂಡುವುದೇ ಕಷ್ಟವಾಗಿದೆ. ಯುವಕರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತಾರೆ. ಕೂಡಿದರೂ ಇನ್ನೊಂದು ತೊಡಕಿದೆ. ಸೀನರಿಯ ಬಾಡಿಗೆ, ಮೇಷ್ಟ್ರ ಸಂಭಾವನೆ, ಕಲಾವಿದೆಯರ ಖರ್ಚು ಇವೆಲ್ಲವನ್ನೂ ಪಾತ್ರಧಾರಿಗಳೇ ಹಂಚಿಕೊಳ್ಳಬೇಕಾದುದರಿಂದ ಪಾತ್ರಕ್ಕೆ ಇಷ್ಟು ರೂಪಾಯಿ ಎಂದು ಗೊತ್ತುಮಾಡುತ್ತಾರೆ. ಹೆಚ್ಚು ಪದ್ಯಗಳಿರುವ ಪಾತ್ರಕ್ಕೆ ಹೆಚ್ಚು ಹಣ. ಪರಿಣಾಮವಾಗಿ ದುಡ್ಡಿರುವವನಿಗೆ ಕೃಷ್ಣ, ದನಿಯಿರುವವನಿಗೆ ದ್ವಾರಪಾಲಕ! ಕೂಲಿಯವರ ಮಗನಿಗೆ ಎಷ್ಟೇ ಒಳ್ಳೆಯ ಗಂಟಲಿದ್ದರೂ ಅವನು ಪರದೆ ಎಳೆಯುವ ಹಗ್ಗ ಹಿಡಿದು ನಿಲ್ಲಬೇಕಾಗುತ್ತದೆ. ಜಾತಿಯ ಕಟ್ಟುಪಾಡೂ ಇದರ ಜೊತೆ ಸೇರಿದರೆ ಕೇಳುವುದೇ ಬೇಡ. ಮನಸೂರಿನ ಹುಡುಗನನ್ನು ಮಂಡಳಿಯ ಯಜಮಾನರು ಹಣ ಕೇಳದೆ ಗಂಟಲು ನೋಡಿ ಮುಂದೆ ನಿಲ್ಲಿಸಿದ್ದರು ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಹಳ್ಳಿಯ ಬಾಗಿಲು ಹೀಗೆ ಕಿರಿದಾಗುತ್ತಿರುವಾಗ, ಹಣವಿಲ್ಲದ ಹುಡುಗನಿಗೂ ಮನೆಯವರ ಅಪ್ಪಣೆ ಸಿಗದ ಹುಡುಗಿಗೂ ತೆರೆಯಬಹುದಾದ ಬಾಗಿಲು ಯಾವುದು? ನನಗೆ ಕಾಣುವುದು ಒಂದೇ. ಅದು ಸರ್ಕಾರಿ ಕಾಲೇಜು. ಇಲ್ಲಿ ಪಾತ್ರಕ್ಕೆ ಬೆಲೆ ಕಟ್ಟುವವರಿಲ್ಲ. ಇಲ್ಲಿಗೆ ಮಗಳನ್ನು ಕಳುಹಿಸುವುದಕ್ಕೆ ತಂದೆತಾಯಿಗಳು ಒಪ್ಪಿದ್ದಾರೆ. ಇಲ್ಲಿ ಎಲ್ಲ ಬೀದಿಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆದರೆ ನಮ್ಮ ವಾರ್ಷಿಕೋತ್ಸವಗಳಲ್ಲಿ ಆಗುತ್ತಿರುವುದೇನು? ಮೊಬೈಲಿನಿಂದ ಸಿನಿಮಾ ಹಾಡು ಹಾಕುತ್ತಾರೆ, ಅದಕ್ಕೆ ಕುಣಿಯುತ್ತಾರೆ. ಹಾಡುವವರು ಬಂದರೂ ಸಿದ್ಧಪಡಿಸಿದ ‘ಟ್ರ್ಯಾಕ್’ ಹಿಂದೆ ಓಡುತ್ತಾರೆ. ಸಿನಿಮಾ ಹಾಡು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಸಿನಿಮಾ ಹಾಡನ್ನು ಯಾರು ಒಲ್ಲೆನೆನ್ನುತ್ತಾರೆ? ಆದರೆ ಟ್ರ್ಯಾಕು ಯಾರಿಗಾಗಿಯೂ ಕಾಯುವುದಿಲ್ಲ. ಹಾಡುವವನ ಉಸಿರು ನೋಡಿ ಹಾರ್ಮೋನಿಯಂ ತಗ್ಗುತ್ತದೆ, ಹಿಗ್ಗುತ್ತದೆ, ತಪ್ಪಿದಾಗ ಕೈಹಿಡಿದು ದಾರಿಗೆ ತರುತ್ತದೆ. ಕಲಿಯುವವನಿಗೆ ಬೇಕಾದುದು ಈ ಕೈ.

ಕಾಲೇಜಿನ ಒಂದು ಸಣ್ಣ ಹಾಡಿನ ಕೂಟದಿಂದ ಏನಾದೀತು ಎಂದು ನಗುವವರಿಗಾಗಿ ನಮ್ಮ ನೆರೆಯ ಮದನಪಲ್ಲಿಯ ಒಂದು ಘಟನೆಯನ್ನು ಹೇಳಬಯಸುತ್ತೇನೆ. 1919ರ ಫೆಬ್ರವರಿಯಲ್ಲಿ ಕವಿ ರವೀಂದ್ರನಾಥ ಠಾಕೂರರು ಅಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ಬಂದು ಕೆಲವು ದಿನ ತಂಗಿದ್ದರು. ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಹಾಡುವ ಕೂಟವೊಂದು ಅಲ್ಲಿ ನಡೆಯುತ್ತಿತ್ತು. ಆ ಕೂಟದಲ್ಲಿ ಅವರು ತಮ್ಮ ‘ಜನಗಣಮನ’ವನ್ನು ಹಾಡಿದರು. ಪ್ರಾಂಶುಪಾಲರಾದ ಜೇಮ್ಸ್ ಕಸಿನ್ಸ್ ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಅದಕ್ಕೆ ಸ್ವರಲಿಪಿ ಬರೆದುಕೊಂಡರು. ಕವಿ ಅದರ ಇಂಗ್ಲಿಷ್ ಅನುವಾದವನ್ನೂ ಅಲ್ಲಿಯೇ ಮಾಡಿಕೊಟ್ಟರು. 1950ರಲ್ಲಿ ರಾಷ್ಟ್ರಗೀತೆಯಾದ ಹಾಡಿನ ಚರಿತ್ರೆಯಲ್ಲಿ ನಮ್ಮ ಮಗ್ಗುಲಿನ ಊರಿನ ಕಾಲೇಜಿನ ಕೂಟಕ್ಕೆ ಹೀಗೊಂದು ಸ್ಥಾನವಿದೆ. ಮಹಾಕವಿಗಳು ಪ್ರತಿವರ್ಷ ಬರುವುದಿಲ್ಲ ನಿಜ. ಆದರೆ ಕೂಟವೇ ಇಲ್ಲದಿದ್ದರೆ ಅವರು ಬಂದರೂ ಹಾಡುವುದೆಲ್ಲಿ?

ಆದುದರಿಂದ ನಮ್ಮ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕವರ್ಗದಲ್ಲಿಯೂ ವಿದ್ಯಾರ್ಥಿ ಸಂಘದಲ್ಲಿಯೂ ನನ್ನ ವಿನಂತಿ ಇಷ್ಟು. ವಿದ್ಯಾರ್ಥಿ ಸಂಘದ ಹಣದಲ್ಲಿ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲವನ್ನು ಕೊಳ್ಳಬೇಕು. ವಾರಕ್ಕೆ ಒಂದು ದಿನ, ತರಗತಿಗಳು ಮುಗಿದ ಮೇಲೆ ಕೊನೆಯ ಬಸ್ಸಿಗೆ ತೊಂದರೆಯಾಗದಂತೆ, ಹಗಲಿನಲ್ಲಿಯೇ ಅಭ್ಯಾಸದ ಕೂಟ ನಡೆಯಬೇಕು. ಹಾಗಾದರೆ ಹುಡುಗಿಯರೂ ನಿಶ್ಚಿಂತೆಯಿಂದ ಬರಬಹುದು. ನಮ್ಮ ಹೋಬಳಿಯ ಹಳ್ಳಿಗಳಲ್ಲಿ ಉಳಿದಿರುವ ನಾಟಕದ ಮೇಷ್ಟ್ರುಗಳನ್ನು ಗೌರವಪೂರ್ವಕವಾಗಿ ಕರೆದು, ಸಂಭಾವನೆ ಕೊಟ್ಟು, ಪದ್ಯ ಹೇಳಿಸಿಕೊಳ್ಳಬೇಕು. ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಅವರಿಗೆ ಬಾಯಿಪಾಠವಾಗಿರುವ ಕನ್ನಡ ತೆಲುಗು ಪದ್ಯಗಳನ್ನು ನಾವು ಬರೆದಿಟ್ಟುಕೊಳ್ಳಬೇಕು, ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಕು. ಅದು ಕನ್ನಡ ವಿಭಾಗಕ್ಕೂ ಇತಿಹಾಸ ವಿಭಾಗಕ್ಕೂ ಒಳ್ಳೆಯ ಕೆಲಸವೇ ಆದೀತು. ವರ್ಷಕ್ಕೆ ಒಂದು ನಾಟಕ, ಅರ್ಧ ಗಂಟೆಯದಾದರೂ ಸರಿ, ಹಾಡು ಸಹಿತವಾಗಿ ಆಗಬೇಕು. ಪಾತ್ರ ಹಂಚುವಾಗ ಗಂಟಲೊಂದನ್ನೇ ನೋಡಬೇಕು. ಕೂಟದಲ್ಲಿ ನಿಜವಾದ ಪ್ರತಿಭೆ ಕಂಡರೆ ಅವರನ್ನು ಕೋಲಾರದಲ್ಲಿಯೋ ಬೆಂಗಳೂರಿನಲ್ಲಿಯೋ ಒಳ್ಳೆಯ ಗುರುವಿನ ಬಳಿಗೆ ಕಳುಹಿಸುವ ಹೊಣೆಯನ್ನು ಅಧ್ಯಾಪಕರು ಹೊರಬೇಕು. ವೀರಣ್ಣನವರು ಕಾರಂತರನ್ನು ಕಾಶಿಗೆ ಕಳುಹಿಸಿದಂತೆ.

ಇದರಿಂದ ನಮ್ಮಲ್ಲಿ ಒಬ್ಬ ಮನಸೂರರೋ ಒಬ್ಬ ಗಂಗೂಬಾಯಿಯೋ ಹುಟ್ಟಿಬಿಡುತ್ತಾರೆಂದು ನಾನು ಭರವಸೆ ಕೊಡಲಾರೆ. ಹಾಗೆ ಭರವಸೆ ಕೊಡುವವರನ್ನು ನಂಬಲೂಬಾರದು. ಕೂಟಕ್ಕೆ ಬಂದ ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಮುಂದೆ ಗುಮಾಸ್ತರೋ, ಮೇಷ್ಟ್ರೋ, ಮಾವಿನ ತೋಟದವರೋ ಆಗುತ್ತಾರೆ. ಆದರೆ ಅವರು ಹಾಡು ಬಲ್ಲ ಗುಮಾಸ್ತರು, ಪದ್ಯ ಬಲ್ಲ ಮೇಷ್ಟ್ರು, ಊರಿನ ನಾಟಕಕ್ಕೆ ಬೆನ್ನು ಕೊಡುವ ತೋಟಗಾರರು ಆಗುತ್ತಾರೆ. ಒಳ್ಳೆಯ ಕೇಳುಗರು ಇದ್ದಲ್ಲಿಯೇ ಒಳ್ಳೆಯ ಗಾಯಕ ಹುಟ್ಟುವುದು. ನೂರನೆಯವನಿಗೋ ನೂರನೆಯವಳಿಗೋ, ಮೊದಲ ಸಲ ನಾಲ್ಕು ಜನರ ಎದುರು ನಿಂತು ಬಾಯಿ ತೆರೆಯುವುದಕ್ಕೆ, ಕಾಸು ಕೇಳದ ಒಂದು ಅಟ್ಟ ಬೇಕು. ಅದನ್ನು ಹಾಕಿಕೊಡುವಷ್ಟು ಶಕ್ತಿ ನಮ್ಮ ಕಾಲೇಜಿಗೆ ಇದೆ. ಬರುವ ವರ್ಷದ ವಾರ್ಷಿಕೋತ್ಸವಕ್ಕೆ ಮುಂಚೆ ಅದು ಆಗಲಿ.